ಮುಲ್ಕಿಯವರ ಫಯರ್ ಇಂಜಿನ್

ಮಸ್ಕತ್ತಿನ ಕರಾವಳಿ ಬಳಗದ ವಾರ್ಷಿಕೋತ್ಸವದಲ್ಲಿ ಸಿಪ್ರಿಯನ್ ಮಥಾಯಸರಿಗೆ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟಾಗ ಮೂರನೆಯ ಸಾಲಿನಲ್ಲಿದ್ದ ಕೊಗ್ಗ ಸಾಲ್ಯಾನರು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಇಷ್ಟು ಜೋರಾಗಿ ಚಪ್ಪಾಳೆ ತಟ್ಟುವ ಮನುಷ್ಯನಿಗೆ ಒಳಗೆ ಏನೋ ಆಗುತ್ತಿದೆ ಎಂದು ಹೆಂಡತಿ ವಾರಿಜಳಿಗೆ ಕೂಡಲೇ ಗೊತ್ತಾಯಿತು. ಅವಳು ಕೈಚೀಲದಿಂದ ಒಂದು ಗ್ಯಾಸ್ಟ್ರಿಕ್ ಮಾತ್ರೆ ತೆಗೆದು ಕೊಟ್ಟಳು.

ಸನ್ಮಾನ ಸಿಪ್ರಿಯನ್ನರು ಮಾಡಿದ ಯಾವ ಸಾಧನೆಗೂ ಅಲ್ಲ. ಅವರ ತಂದೆ ಬೊನಿಫಾಸ್ ಮಥಾಯಸರು ಎಪ್ಪತ್ತೊಂದರಲ್ಲಿ ಹಡಗು ಹತ್ತಿ ಬಂದು ಮಸ್ಕತ್ತಿನ ಹಳೆಯ ಬಂದರುಪೇಟೆ ಮತ್ರಾದಲ್ಲಿ ಬಟ್ಟೆ ಹೊಲಿಯುತ್ತಿದ್ದರು. ‘ನಮ್ಮ ಹಿರಿಯರು’ ಎಂಬ ಹೊಸ ಕಾರ್ಯಕ್ರಮದಲ್ಲಿ ಬಳಗದವರು ಅಂಥವರ ಮಕ್ಕಳನ್ನು ವೇದಿಕೆಗೆ ಕರೆದಿದ್ದರು. ಸಿಪ್ರಿಯನ್ನರು ಕೆಂಪು ಮಕಮಲ್ಲಿನ ಬಟ್ಟೆಯ ಮೇಲೆ ತಂದೆಯ ಕಬ್ಬಿಣದ ಕತ್ತರಿ ಇಟ್ಟುಕೊಂಡು ಬಂದಿದ್ದರು. ಜನ ಸಾಲುಗಟ್ಟಿ ಕತ್ತರಿ ನೋಡಿದರು. ಬಳಗದ ಅಧ್ಯಕ್ಷೆ ಓಲಿವಿಯಾ ಮೇಡಂ ಕತ್ತರಿಗೆ ಕೈ ಮುಗಿದರು.

ಹಮ್ರಿಯಾದ ಒಂದು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಸಾಲ್ಯಾನರದೂ ಸಿಪ್ರಿಯನ್ನರದೂ ಎದುರುಬದುರು ಬಾಗಿಲು. ಹತ್ತೊಂಬತ್ತು ವರ್ಷದಿಂದ ಎರಡೂ ಮನೆಗಳ ನಡುವೆ ಒಂದು ಸಮತೋಲ ಇತ್ತು. ಸಿಪ್ರಿಯನ್ನರ ಮಗಳು ಆಂಡ್ರಿಯಾಳಿಗೆ ತೊಂಬತ್ತೆರಡು ಬಂದರೆ ಸಾಲ್ಯಾನರ ಮಗಳು ನಿಶ್ಮಿತಾಳಿಗೆ ತೊಂಬತ್ತಮೂರು ಬರುತ್ತಿತ್ತು. ಸಾಲ್ಯಾನರು ಐವತ್ತು ಇಂಚಿನ ಟಿವಿ ತಂದರೆ ಮುಂದಿನ ಶುಕ್ರವಾರ ಎದುರುಮನೆಗೆ ಐವತ್ತೈದು ಇಂಚಿನ ಪೆಟ್ಟಿಗೆ ಲಿಫ್ಟಿಗೆ ಹಿಡಿಸದೆ ಮೆಟ್ಟಿಲು ಹತ್ತುತ್ತಿತ್ತು. ಇದೆಲ್ಲ ಮರ್ಯಾದಸ್ಥರ ನಡುವೆ ನಡೆಯುವಂಥದ್ದೇ. ಆದರೆ ತೀರಿಹೋದ ತಂದೆಯನ್ನು ಕಣಕ್ಕಿಳಿಸುವುದು ನ್ಯಾಯವಲ್ಲ ಎಂದು ಸಾಲ್ಯಾನರ ಖಚಿತ ಅಭಿಪ್ರಾಯ. ಅವರ ಸ್ವಂತ ತಂದೆ ಮುಲ್ಕಿಯಲ್ಲಿ ಸೋಡದಂಗಡಿ ಇಟ್ಟಿದ್ದರು. ಜೀವಮಾನದಲ್ಲಿ ಅತಿ ದೂರ ಪ್ರಯಾಣ ಮಾಡಿದ್ದು ಉಡುಪಿಗೆ, ಅದೂ ಹಲ್ಲು ಕೀಳಿಸಲು.

ಮರುದಿನದಿಂದ ಸಿಪ್ರಿಯನ್ನರ ಮನೆಯ ಬಾಗಿಲು ಕಾರಣವಿಲ್ಲದೆ ತೆರೆದೇ ಇರತೊಡಗಿತು. ಒಳಗೆ ಗಾಜಿನ ಕಪಾಟಿನಲ್ಲಿ, ಪುಟ್ಟ ಬಲ್ಬಿನ ಕೆಳಗೆ, ಕತ್ತರಿ ಹೊಳೆಯುತ್ತಿತ್ತು.

ಮೂರನೆಯ ದಿನ ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಿಬಿದ್ದರು.

“ನಿಮ್ಮ ಕಡೆಯವರು ಯಾರೂ ಬಂದಿರ್ಲಿಲ್ವಾ ಸಾಲ್ಯಾನ್ರೇ, ಆಗಿನ ಕಾಲದಲ್ಲಿ?” ಎಂದು ಸಿಪ್ರಿಯನ್ನರು ಕೇಳಿದರು. ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ಧ್ವನಿ.

“ಬಂದಿದ್ರು ಪೊರ್ಬುಗಳೇ,” ಎಂದರು ಸಾಲ್ಯಾನರು. ತುಳುವರು ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು ವಾಡಿಕೆ. ಗೌರವವೂ ಹೌದು, ಬೇಕಾದರೆ ಚುಚ್ಚಲಿಕ್ಕೂ ಆಗುತ್ತದೆ. “ನಾವು ಹೇಳಿಕೊಂಡು ತಿರುಗುವುದಿಲ್ಲ, ಅಷ್ಟೆ.”

“ಹೌದಾ? ಯಾರು?”

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ದೇವರಿದ್ದಾನೆ ಎಂಬುದಕ್ಕೆ ಸಾಲ್ಯಾನರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಆದರೆ ಆಡಿದ ಮಾತು ಲಿಫ್ಟಿನಿಂದ ಹೊರಗೆ ಬಂದಾಗಿತ್ತು. ಈಗ ಹಿರಿಯರೊಬ್ಬರನ್ನು ಎಲ್ಲಿಂದಾದರೂ ಹುಡುಕಿ ತರಲೇಬೇಕಾಗಿತ್ತು.

ಸಾಲ್ಯಾನರು ಎಸಿ ಸಾಮಾನಿನ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್. ಕಂಪೆನಿಯ ಗೋದಾಮು ಬರ್ಕಾದಲ್ಲಿದ್ದುದರಿಂದ ವಾರಕ್ಕೊಮ್ಮೆ ಆ ಕಡೆ ಹೋಗುತ್ತಿದ್ದರು. ಆ ವಾರ ಹೋದಾಗ ದಾರಿಯಲ್ಲಿ ಕಾರು ಬಿಸಿಯಾಗಿ ಹೊಗೆ ಬಂತು. ಅಲ್ಲೇ ಪಕ್ಕದಲ್ಲಿ ಗ್ಯಾರೇಜು ಇಟ್ಟಿದ್ದ ಅಫ್ವಾನ್ ಊರ ಕಡೆಯ ಬ್ಯಾರಿ, ಪರಿಚಯದವನೇ. ಅವನು ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ. ಸಾಲ್ಯಾನರು ಮೂತ್ರಕ್ಕೆಂದು ಗ್ಯಾರೇಜಿನ ಹಿಂದೆ ಹೋದರು. ಹೋದವರು ಬಂದ ಕೆಲಸ ಮರೆತು ನಿಂತುಬಿಟ್ಟರು.

ಖರ್ಜೂರದ ಮರಗಳ ನೆರಳಿನಲ್ಲಿ ಒಂದು ಹಳೆಯ ಫಯರ್ ಇಂಜಿನ್ ನಿಂತಿತ್ತು. ಒಂದು ಕಾಲಕ್ಕೆ ಕೆಂಪಾಗಿದ್ದದ್ದು ಈಗ ನಿನ್ನೆಯ ಮೀನುಸಾರಿನ ಬಣ್ಣಕ್ಕೆ ಬಂದಿತ್ತು. ಮುಂದೆ ಹಿತ್ತಾಳೆಯ ಗಂಟೆ, ಮೇಲೆ ಮರದ ಏಣಿ, ಒಳಗೆಲ್ಲ ಹಳೆಯ ಟಯರು. ಎಡಗಡೆಯ ಬಾಗಿಲಿನ ಮೇಲೆ ಬಿಳಿ ಬಣ್ಣದಲ್ಲಿ ಗೇಣುದ್ದದ ಐದು ಇಂಗ್ಲಿಷ್ ಅಕ್ಷರಗಳು: ಎಮ್, ಯು, ಎಲ್, ಕೆ, ಐ. ಅದರಿಂದ ಮುಂದೆ ಬಾಗಿಲನ್ನು ತುಕ್ಕು ತಿಂದುಬಿಟ್ಟಿತ್ತು.

ಸಾಲ್ಯಾನರು ಅದನ್ನು ಮೂರು ಸಲ ಓದಿದರು. ಮೂರು ಸಲವೂ ಅದು ಮುಲ್ಕಿಯೇ ಆಗಿತ್ತು.

“ಅದಾ ಕೊಗ್ಗಣ್ಣ?” ಅಫ್ವಾನ್ ಕೈ ಒರಸಿಕೊಳ್ಳುತ್ತ ಹಿಂದೆ ಬಂದ. “ಹಳೇ ಗಾಡಿ. ನಾನು ಟಯರ್ ಇಡ್ಲಿಕ್ಕೆ ಇಟ್ಟುಕೊಂಡದ್ದು. ಅದರಲ್ಲಿ ಬರೆದದ್ದು ಎಂತ ಅಂದ್ರೆ—”

“ನೀನು ಎಂತದೂ ಹೇಳುವುದು ಬೇಡ ಮಾರಾಯ.” ಸಾಲ್ಯಾನರು ಕೈಯೆತ್ತಿ ತಡೆದರು. ಕಣ್ಣು ಒದ್ದೆಯಾಗಿತ್ತು. “ನನಗೆ ಓದ್ಲಿಕ್ಕೆ ಬರ್ತದೆ.”

ಆ ಮಧ್ಯಾಹ್ನವೇ ಮುಲ್ಕಿಗೆ ಫೋನು ಹೋಯಿತು. ತಾಯಿಯ ಅಕ್ಕ ಅಪ್ಪಿ ದೊಡ್ಡಮ್ಮನಿಗೆ ಎಂಬತ್ತನಾಲ್ಕು ವರ್ಷ. ವಿಡಿಯೋ ಕಾಲಿನಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು.

“ದೊಡ್ಡಮ್ಮ, ನಮ್ಮ ಮನೆಯಿಂದ ಹಿಂದೆ ಯಾರಾದ್ರೂ ಪರದೇಶಕ್ಕೆ ಹೋಗಿದ್ರಾ?”

“ಬಾಬು ಹೋಗಿದ್ದ ಅಲ್ವಾ, ನನ್ನ ಅಣ್ಣ. ಅಮ್ಮ ಬೈದರು ಅಂತ ಬೊಂಬಾಯಿಗೆ ಹೋದ. ಹಡಗಿನಲ್ಲಿ ಕೆಲಸ ಸಿಕ್ಕಿತು ಅಂತ ಒಂದು ಕಾರ್ಡು ಹಾಕಿದ್ದ. ಮತ್ತೆ ಇಲ್ಲ. ಅರವತ್ತು ವರ್ಷ ಆಯ್ತು.”

“ಹಡಗು ಎಲ್ಲಿಗೆ ಹೋಗುವಂಥದ್ದು?”

“ಸಮುದ್ರಕ್ಕೆ.”

ಸಾಲ್ಯಾನರಿಗೆ ಅಷ್ಟು ಸಾಕಾಯಿತು. ಮಸ್ಕತ್ ಇರುವುದೂ ಸಮುದ್ರದ ದಡದಲ್ಲೇ. ಅಲ್ಲದೆ ಸಿಪ್ರಿಯನ್ನರು ತಂದದ್ದು ಬರೀ ಅಪ್ಪ. ಇವರಿಗೆ ಸಿಕ್ಕಿದ್ದು ಸೋದರಮಾವ. ತುಳುನಾಡಿನ ಅಳಿಯಕಟ್ಟಿನ ಲೆಕ್ಕದಲ್ಲಿ ಮನೆತನದ ಹೆಸರೂ ಮಾವನ ಕಡೆಯಿಂದಲೇ ಬರುವುದು, ಮಾವ ಅಪ್ಪನಿಗಿಂತ ಒಂದು ತೂಕ ಹೆಚ್ಚೇ.

“ದೊಡ್ಡಮ್ಮ, ಬಾಬು ಮಾಮನಿಗೆ ಇಲ್ಲಿ ಸ್ವಂತ ಫಯರ್ ಇಂಜಿನ್ ಇತ್ತು.”

“ಎಂತದು?”

“ಬೆಂಕಿ ನಂದಿಸುವ ಗಾಡಿ. ಬಾಗಿಲಲ್ಲಿ ಊರಿನ ಹೆಸರು ಬರೆಸಿದ್ದಾರೆ.”

“ಅವನ ಸ್ವಂತದ್ದಾ?”

“ಸ್ವಂತದ್ದೇ.”

ಹಣೆ ಗಂಟಿಕ್ಕಿತು. ಆಮೇಲೆ ಮನೆಯ ಮಾಡಿನ ಹೆಂಚು ಕಂಡಿತು. ಕಾಲು ಕಟ್ಟಾಯಿತು.

ಸಂಜೆ ಬಳಗದ ವಾಟ್ಸಪ್ ಗುಂಪಿಗೆ ಫೋಟೊ ಹೋಯಿತು. ‘ಮಸ್ಕತ್ತಿನಲ್ಲಿ ಬೆಂಕಿಯೊಡನೆ ಸೆಣಸಿದ ಮುಲ್ಕಿಯ ವೀರ, ನನ್ನ ಸೋದರಮಾವ ದಿವಂಗತ ಬಾಬು ಸಾಲ್ಯಾನರ ವಾಹನ.’ ಬಾಬು ದಿವಂಗತರೆಂದು ಯಾರೂ ಹೇಳಿರಲಿಲ್ಲ, ಆದರೆ ಆ ಪದ ಇಲ್ಲದಿದ್ದರೆ ವಾಕ್ಯಕ್ಕೆ ತೂಕ ಬರುತ್ತಿರಲಿಲ್ಲ. ನಲವತ್ತಮೂರು ಮಂದಿ ಕೈ ಮುಗಿದರು. ಓಲಿವಿಯಾ ಮೇಡಂ ನಾಲ್ಕು ನಿಮಿಷದ ಧ್ವನಿಸಂದೇಶ ಕಳಿಸಿದರು: ಬರುವ ತಿಂಗಳು ಬರ್ಕಾದಲ್ಲೇ, ಫಯರ್ ಇಂಜಿನ್ನಿನ ಮುಂದೆಯೇ ಸನ್ಮಾನ. ಆದರೆ ಸ್ಮರಣ ಸಂಚಿಕೆಗೆ ಗಾಡಿಯ ಪೂರ್ತಿ ಚರಿತ್ರೆ ಬೇಕು. ಯಾರಿಂದ ಯಾರಿಗೆ ಬಂತು, ಮೊದಲ ಮಾಲೀಕರಿಂದ ಕೊನೆಯ ಮಾಲೀಕರ ತನಕ.

ಸಿಪ್ರಿಯನ್ನರ ಹೆಸರಿನ ಮುಂದೆ ಓದಿದ ಗುರುತಿಗೆ ಎರಡು ನೀಲಿ ಗೆರೆ ಬಂದವು. ಬೇರೇನೂ ಬರಲಿಲ್ಲ. ಆ ದಿನ ಸಾಲ್ಯಾನರು ಮೂರು ಸಲ ಅನ್ನ ಹಾಕಿಸಿಕೊಂಡರು.

ಬೆಳಿಗ್ಗೆ ಬಾಗಿಲ ಗಂಟೆ ಹೊಡೆಯಿತು. ಸಿಪ್ರಿಯನ್ನರು ಲುಂಗಿಯಲ್ಲೇ ನಿಂತಿದ್ದರು.

“ದಾಖಲೆ ಉಂಟಾ ಸಾಲ್ಯಾನ್ರೇ?”

“ಬಾಗಿಲಲ್ಲಿ ಬರೆದದ್ದು ಉಂಟಲ್ಲ.”

“ಬಾಗಿಲಲ್ಲಿ ಬರೆದದ್ದೆಲ್ಲ ದಾಖಲೆ ಅಂತಾದ್ರೆ ನಮ್ಮ ಲಿಫ್ಟಿನಲ್ಲಿ ಬರೆದದ್ದಕ್ಕೆ ಇಷ್ಟು ಹೊತ್ತಿಗೆ ಹತ್ತು ಮದುವೆ ಆಗ್ಬೇಕಿತ್ತು.”

“ಪೊರ್ಬುಗಳೇ, ಕತ್ತರಿ ಯಾರದ್ದೂ ಆಗ್ಬಹುದು. ಅದರಲ್ಲಿ ಯಾವ ಊರಿನ ಹೆಸರೂ ಇಲ್ಲ.”

ಸಿಪ್ರಿಯನ್ನರ ಮುಖ ಬಿಗಿಯಿತು. ಅವರು ತಮ್ಮ ಮನೆಗೆ ಹೋಗಿ, ಒಂದು ವಾರದಲ್ಲಿ ಮೊದಲ ಸಲ, ಬಾಗಿಲು ಹಾಕಿಕೊಂಡರು.

ಆ ಶನಿವಾರ ಸಾಲ್ಯಾನರು ಚರಿತ್ರೆ ಹುಡುಕಿಕೊಂಡು ಮತ್ರಾಕ್ಕೆ ಹೋದರು. ಸೂಕ್ ಎಂಬ ಹಳೆಯ ಪೇಟೆಯ ಗಲ್ಲಿಗಳಲ್ಲಿ ಹಳೆಯ ಫಯರ್ ಇಂಜಿನ್ ಎಂದು ಯಾರನ್ನು ಕೇಳಿದರೂ ಒಂದೇ ಕಡೆ ಬೆರಳು ತೋರಿಸಿದರು: ವಲ್ಲಭ ಸೇಠರ ಬಟ್ಟೆ ಅಂಗಡಿ. ಸೇಠರು ಎಂಬತ್ತೆಂಟು ದಾಟಿದವರು, ಮತ್ರಾದಲ್ಲೇ ಹುಟ್ಟಿದವರು. ಸಾಲ್ಯಾನರು ಚಪ್ಪಲಿ ಕಳಚಿ ಒಳಗೆ ಕಾಲಿಡುವಾಗ ಗಾದಿಯ ಮೇಲೆ ಸೇಠರ ಪಕ್ಕದಲ್ಲಿ ಒಬ್ಬರು ಆಗಲೇ ಕೂತು ಚಹಾ ಕುಡಿಯುತ್ತಿದ್ದರು. ಸಿಪ್ರಿಯನ್ ಮಥಾಯಸರು.

“ನೀವು ಎಂತ ಇಲ್ಲಿ?”

“ಬಟ್ಟೆ ತಗೊಳ್ಳಿಕ್ಕೆ,” ಎಂದರು ಸಿಪ್ರಿಯನ್ನರು. ಅವರ ಮಡಿಲಲ್ಲಿ ನೋಟ್‌ಬುಕ್ಕೂ ಪೆನ್ನೂ ಇದ್ದವು.

ಸೇಠರು ಹಿಂದಿಯಲ್ಲಿ ಕಥೆ ಶುರು ಮಾಡಿದರು. ಎಪ್ಪತ್ತರ ನಂತರದ ವರ್ಷಗಳಲ್ಲಿ ಒಮ್ಮೆ ಗಲ್ಲಿಯಲ್ಲಿ ಬೆಂಕಿ ಬಿತ್ತು. ಆಗ ಸೂಕಿನ ಒಂಬತ್ತು ಮಂದಿ ವ್ಯಾಪಾರಿಗಳು ಸೇರಿ ಸ್ವಯಂಸೇವಕ ಅಗ್ನಿಶಾಮಕ ದಳ ಕಟ್ಟಿದರು. ಇಂಗ್ಲೆಂಡಿನ ಯಾವುದೋ ಹಳ್ಳಿಯ ಸ್ವಯಂಸೇವಕರು ಮಾರಿದ ಹಳೆಯ ಗಾಡಿ ಹಡಗಿನಲ್ಲಿ ಬಂತು. ಆ ಹಳ್ಳಿಯ ಹೆಸರು ಗಂಟೆಯ ಮೇಲೆ ಈಗಲೂ ಇದೆ. ಒಂಬತ್ತು ಸೇಠರೂ ಮಾಲೀಕರು.

“ಆ ಒಂಬತ್ತರಲ್ಲಿ ಮುಲ್ಕಿಯವರು ಯಾರು?” ಸಾಲ್ಯಾನರು ಕೇಳಿದರು.

“ಮುಲ್ಕಿ ಎಲ್ಲಿದೆ?”

“ಮಂಗಳೂರಿನ ಹತ್ತಿರ.”

“ಎಲ್ಲರೂ ಕಛ್‌ನವರು ಭಾಯಿ,” ಎಂದು ಸೇಠರು ಗೋಡೆಯ ಮೇಲಿನ ಫೋಟೊ ತೋರಿಸಿದರು.

ಫಯರ್ ಇಂಜಿನ್ನಿನ ಮುಂದೆ ಒಂಬತ್ತು ಮಂದಿ ಎದೆಯುಬ್ಬಿಸಿ ನಿಂತಿದ್ದರು. ಸಿಪ್ರಿಯನ್ನರು ಚಹಾದ ಲೋಟದ ಹಿಂದೆ ನಕ್ಕರು. ಸಾಲ್ಯಾನರು ಫೋಟೊದ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಬೆನ್ನು ನೆಟ್ಟಗಾಯಿತು. ಬಲಗಡೆಯ ತುದಿಯಲ್ಲಿ, ಸುತ್ತಿಟ್ಟ ನೀರಿನ ಪೈಪಿನ ಹಿಂದೆ, ಹತ್ತನೆಯವನೊಬ್ಬ ಇದ್ದ. ಕಾಣುತ್ತಿದ್ದದ್ದು ಒಂದು ಕಿವಿ ಮತ್ತು ಅರ್ಧ ಮೀಸೆ.

“ಇವರು ಯಾರು ಸೇಠ್‌ಜಿ?”

ಸೇಠರು ಕನ್ನಡಕ ಬದಲಿಸಿ ನೋಡಿದರು. “ಯಾರೋ ಕೆಲಸದವನಿರಬೇಕು. ನೆನಪಿಲ್ಲ.”

“ಬಾಬು ಮಾಮ,” ಎಂದರು ಸಾಲ್ಯಾನರು.

ಸಿಪ್ರಿಯನ್ನರು ಲೋಟ ಕೆಳಗಿಟ್ಟು ಎದ್ದು ಬಂದರು. ಅವರೂ ಮೂಗು ತಾಗಿಸಿದರು. ಸುಳ್ಳನ್ನು ಬಯಲಿಗೆಳೆಯಲು ಬಂದ ಮನುಷ್ಯನ ಮುಖದಲ್ಲಿ ನಿಧಾನವಾಗಿ ಬೇರೊಂದು ಬೆಳಕು ಮೂಡಿತು. ಬೊನಿಫಾಸ್ ಮಥಾಯಸರು ಬಟ್ಟೆ ಹೊಲಿಯುತ್ತಿದ್ದುದು ಇದೇ ಗಲ್ಲಿಯಲ್ಲಿ, ಇದೇ ವರ್ಷಗಳಲ್ಲಿ.

“ಇದು ನಮ್ಮ ಪಪ್ಪಾ,” ಎಂದರು.

“ಎಂತ ಹೇಳ್ತೀರಿ ಮಾರಾಯ್ರೆ? ನಿಮಗೆ ಕತ್ತರಿ ಉಂಟಲ್ಲ. ಕತ್ತರಿ ಇದ್ದವರಿಗೆ ಫಯರ್ ಇಂಜಿನ್ ಯಾಕೆ?”

“ಪಪ್ಪಾನ ಕಿವಿ ನನಗೆ ಗೊತ್ತಿಲ್ವಾ? ನೋಡಿ, ಹೀಗೇ ಹೊರಗೆ ಬಂದದ್ದು.” ಸಿಪ್ರಿಯನ್ನರು ತಮ್ಮ ಬಲಗಿವಿಯನ್ನು ಫೋಟೊದ ಪಕ್ಕಕ್ಕೆ ಒಡ್ಡಿದರು.

“ಇದು ಸಾಲ್ಯಾನ್ ಕಿವಿ. ಕೆಳಗೆ ಅಂಟಿಕೊಂಡಿದೆ, ನೋಡಿ.” ಸಾಲ್ಯಾನರು ಇನ್ನೊಂದು ಪಕ್ಕಕ್ಕೆ ತಮ್ಮ ಕಿವಿ ತಂದರು.

“ಸೇಠ್‌ಜಿ, ನೀವೇ ಹೇಳಿ.”

ಸೇಠರು ಮೂರೂ ಕಿವಿಗಳನ್ನು ಬಹಳ ಹೊತ್ತು ಪರೀಕ್ಷಿಸಿದರು. ಅಂಗಡಿಯ ಬಾಗಿಲಲ್ಲಿ ಶಾಲು ಕೊಳ್ಳಲು ಬಂದ ಪ್ರವಾಸಿ ದಂಪತಿ ಇದು ಇಲ್ಲಿನ ಸ್ವಾಗತದ ಕ್ರಮವೆಂದು ತಿಳಿದು ಫೋಟೊ ತೆಗೆದುಕೊಂಡರು. ಕೊನೆಗೆ ಸೇಠರು, “ಮೂರೂ ಕಿವಿಗಳೇ,” ಎಂದು ತೀರ್ಪು ಕೊಟ್ಟು ಎದ್ದರು.

ಅಲ್ಲಿಂದ ಮೂರು ವಾರ ಮೂರನೆಯ ಮಾಳಿಗೆಯಲ್ಲಿ ಯುದ್ಧ. ಸಿಪ್ರಿಯನ್ನರ ಹೆಂಡತಿ ತೆರೇಸಾಬಾಯಿ ಪ್ರತಿ ಭಾನುವಾರ ಕಳಿಸುತ್ತಿದ್ದ ‘ಸಣ್ಣ’ ಎಂಬ ಮೆತ್ತನೆಯ ಇಡ್ಲಿಗಳು ನಿಂತವು. ವಾರಿಜ ಕಳಿಸುತ್ತಿದ್ದ ಪತ್ರೊಡೆಯೂ ನಿಂತಿತು. ನಿಂತಿತು ಎಂದು ಗಂಡಂದಿರು ತಿಳಿದಿದ್ದರು, ಅಷ್ಟೆ. ಹೆಂಗಸರಿಬ್ಬರೂ ಹನ್ನೊಂದು ಗಂಟೆಗೆ, ಗಂಡಂದಿರು ಆಫೀಸಿನಲ್ಲಿರುವಾಗ, ಒಟ್ಟಿಗೆ ಕೂತು ತಿನ್ನುತ್ತಿದ್ದರು. ಸಾಲ್ಯಾನರು ಮಾತ್ರ ಭಾನುವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಬರುವ ಸಣ್ಣದ ಹಬೆಯ ವಾಸನೆ ಎಳೆದುಕೊಳ್ಳುತ್ತ ಬ್ರೆಡ್ಡು ತಿಂದರು.

ಅವರು ಸೇಠರ ಫೋಟೊವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಗಳಿಗೆ ತೋರಿಸಿದರು. ನಿಶ್ಮಿತಾ ಅಪ್ಪನ ಕಿವಿ ನೋಡಿದಳು, ಫೋಟೊ ನೋಡಿದಳು. “ಪಪ್ಪಾ, ಇಟ್ಸ್ ಜಸ್ಟ್ ಆ್ಯನ್ ಇಯರ್,” ಎಂದು ಓದಲು ಹೋದಳು. ಎದುರುಮನೆಯಲ್ಲಿ ಆಂಡ್ರಿಯಾ ಇನ್ನೂ ಕಡಿಮೆ ಮಾತು ಖರ್ಚು ಮಾಡಿದಳು.

ಎರಡೂ ಕಡೆಯಿಂದ ಓಲಿವಿಯಾ ಮೇಡಮ್ಮಿಗೆ ದಿನಕ್ಕೆ ಹತ್ತು ಫೋನು. ಆಕೆ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಇಬ್ಬರು ಮಕ್ಕಳು ಒಂದೇ ರಬ್ಬರಿಗೆ ಜಗಳವಾಡಿದರೆ ಏನು ಮಾಡಬೇಕೆಂದು ಬಲ್ಲವರು. ಬ್ಯಾನರು ಹೀಗೆ ಬರೆಸಿದರು: ‘ದಿ. ಬಾಬು ಸಾಲ್ಯಾನ್, ಮುಲ್ಕಿ, ಅಥವಾ ದಿ. ಬೊನಿಫಾಸ್ ಮಥಾಯಸ್, ಕಿನ್ನಿಗೋಳಿ, ಇವರಲ್ಲಿ ಯಾರಾದರೊಬ್ಬರು ಸೇವೆ ಸಲ್ಲಿಸಿದ ಐತಿಹಾಸಿಕ ಫಯರ್ ಇಂಜಿನ್.’

“ಬಾಬು ಯಾಕೆ ಮೊದಲು?” ಎಂದು ಸಿಪ್ರಿಯನ್ನರು ಕೇಳಿದರು.

“ಅಕ್ಷರಮಾಲೆಯ ಕ್ರಮ. ಬಾ ಆದ ಮೇಲೆ ಬೊ.”

“ಹಾಗಾದ್ರೆ ಇಂಗ್ಲಿಷಿನ ಕ್ರಮದಲ್ಲಿ ಹಾಕಿ.”

ಮೇಡಂ ಇಂಗ್ಲಿಷಿನಲ್ಲೂ ಹಾಕಿ ನೋಡಿದರು. ಅಲ್ಲಿಯೂ ಬಾಬುವೇ ಮೊದಲು ಬಂದ. ಸಿಪ್ರಿಯನ್ನರು ಎರಡು ದಿನ ಆಫೀಸಿಗೆ ರಜೆ ಹಾಕಿದರು.

ಕಾರ್ಯಕ್ರಮದ ಶುಕ್ರವಾರ ಬೆಳಿಗ್ಗೆ ಮೂವತ್ತು ಮಂದಿ ಬರ್ಕಾದಲ್ಲಿ ಸೇರಿದರು. ಅಫ್ವಾನ್ ಟಯರುಗಳನ್ನೆಲ್ಲ ಹೊರಗೆ ತೆಗೆದು, ಗಾಡಿಗೆ ನೀರು ಹೊಡೆದು, ಹಿತ್ತಾಳೆಯ ಗಂಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ. ಗೋಳಿಬಜೆಯ ತಟ್ಟೆಗಳು ತಿರುಗಿದವು. ಸಾಲ್ಯಾನರು ಬಿಳಿ ಪಂಚೆ ಉಟ್ಟಿದ್ದರು. ಸಿಪ್ರಿಯನ್ನರು ಚರ್ಚಿನಲ್ಲಿ ಮಗಳ ಮೊದಲ ಪರಮಪ್ರಸಾದಕ್ಕೆ ಹೊಲಿಸಿದ ಕೋಟು ಹಾಕಿದ್ದರು. ಅದರ ಕೆಳಗಿನ ಗುಂಡಿ ಈಗ ಸೇರುತ್ತಿರಲಿಲ್ಲ.

“ಕೊಗ್ಗಣ್ಣ, ಒಂದು ವಿಷಯ ಹೇಳ್ಬೇಕಿತ್ತು,” ಅಫ್ವಾನ್ ಹತ್ತಿರ ಬಂದ.

“ಭಾಷಣ ಆಗ್ಲಿ, ಆಮೇಲೆ.”

“ಭಾಷಣದ ಮೊದಲೇ ಹೇಳಿದ್ರೆ—”

“ಆಮೇಲೆ ಅಫ್ವಾನ್.”

ಅಷ್ಟರಲ್ಲಿ ಖರ್ಜೂರದ ತೋಟದ ಕಡೆಯಿಂದ ಕೋಲೂರಿಕೊಂಡು ಮುದುಕರೊಬ್ಬರು ಬಂದರು. ಬಿಳಿಯ ದಿಶ್‌ದಾಶಾ ನಿಲುವಂಗಿ, ತಲೆಗೆ ಕಸೂತಿಯ ಟೊಪ್ಪಿ. ಅವರು ಖಲ್ಫಾನ್, ಗ್ಯಾರೇಜಿನ ಜಾಗದ ಮಾಲೀಕರು. ಮತ್ರಾದ ಹಳೆಯ ಜನರಂತೆ ಒಳ್ಳೆಯ ಹಿಂದಿ ಮಾತಾಡುತ್ತಿದ್ದರು.

“ಏನಿದು? ಮದುವೆಯಾ?”

ಓಲಿವಿಯಾ ಮೇಡಂ ವಿವರಿಸಿದರು. ಸಾಲ್ಯಾನರು ಮುಂದೆ ಬಂದು ಬಾಗಿಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, “ನಮ್ಮ ಊರು. ನನ್ನ ಮಾಮ ಬರೆಸಿದ್ದು,” ಎಂದರು.

ಖಲ್ಫಾನ್ ಬಾಗಿಲು ನೋಡಿದರು. ಸಾಲ್ಯಾನರನ್ನು ನೋಡಿದರು. ಬ್ಯಾನರು ನೋಡಿದರು.

“ಇದು ನಾನು ಬರೆದದ್ದಲ್ಲವೇ,” ಎಂದರು. “ಮುಲ್ಕಿಯಾ ಖಾಸ್ಸಾ. ಖಾಸಗಿ ಸೊತ್ತು ಅಂತ. ಗಾಡಿ ಆಗ ರಸ್ತೆಯ ಬದಿ ನಿಂತಿತ್ತು. ನಿಮ್ಮ ಇಂಡಿಯಾದ ಜನ ಗುಜರಿ ಅಂತ ತಿಳಿದು ದಿನಾ ಒಂದೊಂದು ಬೋಲ್ಟು ಬಿಚ್ಚಿಕೊಂಡು ಹೋಗುತ್ತಿದ್ದರು. ಅವರಿಗೆ ಅರಬ್ಬಿ ಬರುವುದಿಲ್ಲವಲ್ಲ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ.”

ಒಬ್ಬರ ಬಾಯಲ್ಲಿ ಗೋಳಿಬಜೆ ಅರ್ಧಕ್ಕೇ ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ಒಮಾನಿನಲ್ಲಿ ಕಾರು ಇರುವ ಪ್ರತಿಯೊಬ್ಬನ ಕಿಸೆಯಲ್ಲೂ ಒಂದು ಕಾರ್ಡು ಇರುತ್ತದೆ. ಗಾಡಿ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಆ ಕಾರ್ಡಿಗೆ ಮುಲ್ಕಿಯಾ ಎಂದೇ ಹೆಸರು. ಸಾಲ್ಯಾನರು ಅದನ್ನು ಹತ್ತೊಂಬತ್ತು ವರ್ಷದಿಂದ ಪರ್ಸಿನಲ್ಲಿಟ್ಟುಕೊಂಡು ತಿರುಗಿದವರು. ವರ್ಷ ವರ್ಷ ಹೊಸತು ಮಾಡಿಸಿದವರು. ಪೊಲೀಸರು ನಿಲ್ಲಿಸಿ ‘ಮುಲ್ಕಿಯಾ’ ಎಂದು ಕೈ ಚಾಚಿದಾಗ ಒಮ್ಮೆಯೂ ಅವರಿಗೆ ಊರಿನ ನೆನಪು ಬಂದಿರಲಿಲ್ಲ. ಎದುರುಮನೆಯ ಕತ್ತರಿ ಕಣ್ಣಿಗೆ ಹೊಡೆದ ಮೇಲೆಯೇ ಅವರಿಗೆ ಅಕ್ಷರಗಳು ಬೇರೆಯಾಗಿ ಕಾಣಿಸತೊಡಗಿದ್ದು.

“ನಾನು ಅದನ್ನೇ ಹೇಳ್ಲಿಕ್ಕೆ ಹೊರಟದ್ದು ಕೊಗ್ಗಣ್ಣ,” ಎಂದ ಅಫ್ವಾನ್. “ಎರಡು ಸಲ.”

ಮೊದಲು ನಕ್ಕದ್ದು ಸಿಪ್ರಿಯನ್ನರು. ಕೋಟಿನ ಉಳಿದ ಗುಂಡಿಯೂ ಕಿತ್ತುಹೋಗುವಂತೆ ನಕ್ಕರು. ನಕ್ಕು ಮುಗಿಸಿ, ಗಂಭೀರವಾಗಿ ಮೊಬೈಲು ತೆಗೆದು, ಸೇಠರ ಫೋಟೊವನ್ನು ಖಲ್ಫಾನರ ಮುಂದೆ ಹಿಡಿದರು.

“ಆ ಕಥೆ ಖಲಾಸ್. ಈಗ ಇದನ್ನು ನೋಡಿ ಚಾಚಾ. ಈ ಪೈಪಿನ ಹಿಂದೆ ಇರುವವರು. ನಮ್ಮ ಪಪ್ಪಾ ಅಲ್ವಾ?”

ಖಲ್ಫಾನ್ ಮೊಬೈಲನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಬೆನ್ನು ಮಾಡಿ ನೋಡಿದರು. ನೋಡುತ್ತಿದ್ದಂತೆ ಅವರ ಮುಖ ಸಡಿಲವಾಯಿತು. ಟೊಪ್ಪಿ ತೆಗೆದು ಕಂಕುಳಲ್ಲಿಟ್ಟು, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಬಲಗಿವಿಯನ್ನು ಎರಡು ಬೆರಳಿನಿಂದ ಹಿಡಿದು ತೋರಿಸಿದರು.

“ನಾನು,” ಎಂದರು.

ಮೂವತ್ತು ಮಂದಿಯೂ ಬಗ್ಗಿ ನೋಡಿದರು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಈಗ ನಗುವ ಸರದಿ ಸಾಲ್ಯಾನರದು, ಆದರೆ ಅವರಿಗೆ ನಗಲು ತ್ರಾಣವಿರಲಿಲ್ಲ.

“ಒಂಬತ್ತು ಮಂದಿ ಮಾಲೀಕರಿದ್ದರು,” ಖಲ್ಫಾನ್ ಟಯರಿನ ರಾಶಿಯ ಮೇಲೆ ಕೂತು ಹೇಳಿದರು. “ಒಬ್ಬನಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲ. ನಾನು ವಲ್ಲಭ ಸೇಠರ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದವ, ನನಗೆ ಬರುತ್ತಿತ್ತು. ಗಾಡಿ ಬಂದ ಮೇಲೆ ಒಂದೇ ಸಲ ಬೆಂಕಿ ಬಿತ್ತು, ಮಸಾಲೆಯ ಗೋದಾಮಿಗೆ. ಯಲ್ಲಾ ಯಲ್ಲಾ ಅಂತ ಒಂಬತ್ತು ಮಂದಿಯೂ ಓಡಿ ಬಂದರು. ಗಂಟೆಯ ಹಗ್ಗ ಇರುವುದು ಡ್ರೈವರಿನ ಪಕ್ಕದ ಸೀಟಿನಲ್ಲಿ. ಎಲ್ಲರಿಗೂ ಅಲ್ಲೇ ಕೂತುಕೊಳ್ಳಬೇಕು. ನಾನು ಮೊದಲು ಕೊಟ್ಟವ, ನಾನು ಹೆಚ್ಚು ಕೊಟ್ಟವ ಅಂತ ಜಗಳ. ಅದು ತೀರ್ಮಾನವಾಗುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಾಲ್ದಿಯಲ್ಲಿ ನೀರು ಹೊತ್ತು ಬೆಂಕಿ ನಂದಿಸಿದ್ದರು. ಇವರು ಕೆಳಗಿಳಿದು ಫೋಟೊ ತೆಗೆಸಿಕೊಂಡರು. ಅದೇ ಈ ಫೋಟೊ.”

“ಆಮೇಲೆ?” ಓಲಿವಿಯಾ ಮೇಡಂ ಕೇಳಿದರು.

“ಆಮೇಲೆ ಸರಕಾರದ ಗಾಡಿಗಳು ಬಂದವು. ಈ ಗಾಡಿ ಆ ಒಂಬತ್ತರಲ್ಲಿ ಯಾರಿಗೆ ಹೋದರೂ ಉಳಿದ ಎಂಟು ಮಂದಿ ಸಾಯುತ್ತಿದ್ದರು. ಅದಕ್ಕೆ ನನಗೆ ಕೊಟ್ಟರು. ಮೂವತ್ತು ವರ್ಷ ಖರ್ಜೂರಕ್ಕೆ ನೀರು ಬಿಟ್ಟೆ. ಪಂಪು ಹಾಳಾದ ಮೇಲೆ ಈ ಅಫ್ವಾನ್ ಕೇಳಿದ, ಕೊಟ್ಟೆ.”

ಚರಿತ್ರೆ ಪೂರ್ತಿಯಾಗಿತ್ತು. ಇಂಗ್ಲೆಂಡಿನ ಹಳ್ಳಿ, ಒಂಬತ್ತು ಸೇಠರು, ಖಲ್ಫಾನ್, ಅಫ್ವಾನ್. ಇದರಲ್ಲಿ ಎಲ್ಲಿಯೂ ಮುಲ್ಕಿ ಇರಲಿಲ್ಲ, ಕಿನ್ನಿಗೋಳಿಯೂ ಇರಲಿಲ್ಲ.

ಆದರೆ ಓಲಿವಿಯಾ ಮೇಡಮ್ಮಿನ ಕೈಯಲ್ಲಿ ಶಾಲು ಇತ್ತು. ಬಿಚ್ಚಿದ ಶಾಲನ್ನು ಅವರು ಜೀವಮಾನದಲ್ಲಿ ಮಡಚಿ ವಾಪಸ್ ಒಯ್ದವರಲ್ಲ. ಖಲ್ಫಾನರ ಕಡೆ ಹೆಜ್ಜೆಯಿಟ್ಟರು. “ಈ ಬಿಸಿಲಿಗೆ ಇದನ್ನು ಹೊದೆಯುವುದಾ?” ಎಂದು ಖಲ್ಫಾನ್ ಎರಡೂ ಕೈ ಅಡ್ಡ ಹಿಡಿದು, ನಮಾಜಿನ ಹೊತ್ತಾಯಿತೆಂದು ಕೋಲೂರಿಕೊಂಡು ಹೊರಟುಹೋದರು. ಮೇಡಂ ಸುತ್ತ ನೋಡಿದರು. ಫೋಟೊಗ್ರಾಫರ್ ಕಾಯುತ್ತಿದ್ದ.

“ಈಗ ಇದರ ಮಾಲೀಕ ಯಾರು?”

ಎಲ್ಲರೂ ಅಫ್ವಾನನ ಕಡೆ ತಿರುಗಿದರು. ಅವನು ಬೇಡ ಬೇಡವೆನ್ನುವಷ್ಟರಲ್ಲಿ ಗ್ರೀಸಿನ ಅಂಗಿಯ ಮೇಲೆ ಶಾಲು ಬಿತ್ತು, ತಲೆಯ ಮೇಲೆ ಪೇಟ ಕೂತಿತು, ಕೈಗೆ ಬುಟ್ಟಿ ಬಂತು. ‘ಐವತ್ತು ವರ್ಷದ ಪರಂಪರೆಯನ್ನು ಕಾಪಾಡಿದ ಯುವಕ’ ಎಂದು ಮೇಡಂ ಹದಿನೈದು ನಿಮಿಷ ಮಾತಾಡಿದರು. ಅಫ್ವಾನ್ ಗಂಟೆಯ ಹಗ್ಗ ಹಿಡಿದು ನಿಂತ ಫೋಟೊ ಅಲ್ಲಿಂದಲೇ ಗುಂಪಿಗೆ ಹೋಯಿತು. ಮೊದಲ ಐದು ನಿಮಿಷದಲ್ಲಿ ಎಂಬತ್ತು ಮಂದಿ ಕೈ ಮುಗಿದರು.

ಜನರ ಹಿಂದೆ ಇಬ್ಬರು ಪಕ್ಕಪಕ್ಕದಲ್ಲಿ ನಿಂತಿದ್ದರು.

“ಅವ ಎಂತ ಮಾಡಿದ?” ಸಾಲ್ಯಾನರು ಯಾರಿಗೆಂದು ಹೇಳದೆ ಕೇಳಿದರು.

“ಟಯರ್ ಇಟ್ಟ,” ಎಂದರು ಸಿಪ್ರಿಯನ್ನರು.

“ಟಯರ್ ಇಟ್ಟವನಿಗೆ ಪೇಟ.”

“ಬುಟ್ಟಿ ನೋಡಿದ್ರಾ? ನನಗೆ ಕೊಟ್ಟದ್ದರಲ್ಲಿ ಅನಾನಸು ಇರ್ಲಿಲ್ಲ.”

ಮೂರು ವಾರದಲ್ಲಿ ಅವರಿಬ್ಬರು ಒಪ್ಪಿದ ಮೊದಲ ವಿಷಯ ಅದು. ವಾರಿಜ ಮತ್ತು ತೆರೇಸಾಬಾಯಿ ಆಗಲೇ ಸಾಲ್ಯಾನರ ಕಾರಿನ ಕೀ ತೆಗೆದುಕೊಂಡು ಹೆಣ್ಣುಮಕ್ಕಳೊಡನೆ ಮೀನು ಮಾರುಕಟ್ಟೆಗೆ ಹೋಗಿದ್ದರು. ಸಾಲ್ಯಾನರಿಗೆ ಸಿಪ್ರಿಯನ್ನರ ಕಾರು ಹತ್ತುವುದು ಬಿಟ್ಟು ದಾರಿ ಇರಲಿಲ್ಲ.

ಹೆದ್ದಾರಿಗೆ ಬರುವಾಗ ಸಾಲ್ಯಾನರ ಫೋನು ರಿಂಗಾಯಿತು. ಅಪ್ಪಿ ದೊಡ್ಡಮ್ಮ. ಸಾಲ್ಯಾನರು ಅದನ್ನು ರಿಂಗಾಗಲು ಬಿಟ್ಟು ಕೂತರು.

“ತೆಗೀರಿ,” ಎಂದರು ಸಿಪ್ರಿಯನ್ನರು.

“ಎಂತ ಹೇಳುವುದು ಮಾರಾಯ್ರೆ? ಅರವತ್ತು ವರ್ಷ ಕಾದವರು. ಅಣ್ಣ ಸಿಕ್ಕಿದ ಅಂತ ನಾನು ಹೇಳಿದ್ದೇನೆ.”

ಸಿಪ್ರಿಯನ್ನರು ಇಂಡಿಕೇಟರ್ ಹಾಕಿದರು. ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಫೋನು ನಿಂತು ಮತ್ತೆ ರಿಂಗಾಯಿತು. ಸಾಲ್ಯಾನರು ಸ್ಪೀಕರು ಹಾಕಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಕೈಯಲ್ಲಿ ಹಿಡಿಯಲು ಧೈರ್ಯ ಬರಲಿಲ್ಲ.

“ಸನ್ಮಾನ ಆಯ್ತಾ?” ಹಣೆ ಕೇಳಿತು.

“ದೊಡ್ಡಮ್ಮ, ತಪ್ಪಾಯ್ತು. ಅದು ಬಾಬು ಮಾಮನದ್ದಲ್ಲ. ಬೇರೆ ಯಾರದ್ದೋ ಗಾಡಿ. ನಾನು ಓದಿದ್ದು ತಪ್ಪಾದ್ದು. ಮಾಮ ಇಲ್ಲಿಗೆ ಬಂದದ್ದಕ್ಕೆ ಗುರುತು ಎಂತದೂ ಇಲ್ಲ.”

ಪಕ್ಕದಲ್ಲಿ ಲಾರಿಗಳು ಹಾದುಹೋದವು. ಸಿಪ್ರಿಯನ್ನರು ಕಿಟಕಿಯಾಚೆ ನೋಡುತ್ತಿದ್ದರು.

“ಅವನದ್ದಲ್ವಾ?” ಎಂದರು ದೊಡ್ಡಮ್ಮ.

“ಅಲ್ಲ.”

“ಒಳ್ಳೇದಾಯ್ತು ಮಗ.”

ಸಾಲ್ಯಾನರು ತಲೆಯೆತ್ತಿದರು.

“ಒಂದು ತಿಂಗಳಿಂದ ನಂಗೆ ಗಂಟಲಲ್ಲಿ ಗಂಜಿ ಇಳಿದಿಲ್ಲ. ಅಷ್ಟು ದೊಡ್ಡ ಗಾಡಿ ತಗೊಂಡವ, ಗಂಟೆ ಬಾರಿಸಿಕೊಂಡು ತಿರುಗಿದವ, ತಂಗಿಗೆ ಎರಡು ಸಾಲು ಬರೆಯಲಿಲ್ಲ ಅಲ್ವಾ ಅಂತ. ಅಮ್ಮ ಅವನ ಹೆಸರು ಹೇಳಿಕೊಂಡೇ ಸತ್ತರು. ನಾನಿಲ್ಲಿ ಬೀಡಿ ಕಟ್ಟಿದೆ, ಅವ ಅಲ್ಲಿ ರಾಜನ ಹಾಗೆ ಇದ್ದ ಅಂತ ಹೊಟ್ಟೆ ಉರಿದು ಹೋಯ್ತು. ಅವನ ಫೋಟೊವನ್ನು ಗೋಡೆಯಿಂದ ತೆಗೆದಿಟ್ಟಿದ್ದೆ.” ಹಣೆ ಪರದೆಯಿಂದ ಸರಿಯಿತು. ಒಂದು ಒದ್ದೆ ಕಣ್ಣು ಬಂತು. “ಇಲ್ಲದಿದ್ದದ್ದೇ ಒಳ್ಳೇದು. ಪಾಪ, ಕಷ್ಟದಲ್ಲೇ ಇದ್ದಿರ್ಬೇಕು. ಅದಕ್ಕೇ ಬರೀಲಿಕ್ಕೆ ಆಗ್ಲಿಲ್ಲ. ಈಗ ಹೋಗಿ ಫೋಟೊ ತೂಗಿ ಹಾಕ್ತೇನೆ.”

ಸಾಲ್ಯಾನರು ಮುಂಗೈಯಿಂದ ಕಣ್ಣು ಒರಸಿಕೊಂಡರು. ಸಿಪ್ರಿಯನ್ನರು ಕೋಟಿನ ಕಿಸೆಯಿಂದ ಕರವಸ್ತ್ರ ತೆಗೆದು, ತಮ್ಮ ಮೂಗು ಒರಸಿಕೊಂಡು, ಅದನ್ನೇ ಅವರ ಕಡೆ ಚಾಚಿದರು. ಸಾಲ್ಯಾನರು ಬೇಡವೆಂದು ತಲೆಯಾಡಿಸಿದರು.

“ಮತ್ತೆ ಆ ಶಾಲು ಯಾರಿಗೆ ಹಾಕಿದ್ರು?” ದೊಡ್ಡಮ್ಮ ಕೇಳಿದರು.

“ಇಲ್ಲಿ ಗ್ಯಾರೇಜಿನ ಅಫ್ವಾನ್ ಅಂತ ಒಬ್ಬನಿಗೆ. ಹಳೆಯಂಗಡಿಯವ.”

“ಹಳೆಯಂಗಡಿಯವನಿಗಾ?” ಕಣ್ಣು ಪರದೆ ತುಂಬ ಅಗಲವಾಯಿತು. “ಮುಲ್ಕಿಯವರು ಇಷ್ಟು ಮಂದಿ ಇರುವಾಗ ಹೊಳೆಯ ಆಚೆಯವನಿಗೆ ಯಾಕೆ ಹಾಕಿದ್ದು? ಅವ ಎಂತ ಮಾಡಿದ್ದಾನೆ?”

ಸಿಪ್ರಿಯನ್ನರು ಸೀಟಿನಿಂದ ಮುಂದೆ ಬಾಗಿ ಫೋನಿನ ಹತ್ತಿರ ಬಾಯಿ ತಂದರು.

“ನಾವೂ ಅದನ್ನೇ ಹೇಳ್ತಾ ಇದ್ದದ್ದು ದೊಡ್ಡಮ್ಮ,” ಎಂದರು.